ಆರನೆಯ ಬಾಟಲಿಯ ಅಂಕ

ಭಾನುವಾರ, ಮಧ್ಯಾಹ್ನ

ಮೂಗುರಾಯರಿಗೆ ನಮಸ್ಕಾರ.

ಹೀಗೆ ಕರೆಯುವ ಹಕ್ಕು ಈಗ ನನಗಿಲ್ಲವೆಂದು ಗೊತ್ತು. ಬೇರೆ ಏನೇ ಬರೆದರೂ ಪೆನ್ನು ಮುಂದಕ್ಕೆ ಹೋಗಲಿಲ್ಲ, ಎರಡು ಹಾಳೆ ಹರಿದು ಹಾಕಿದ ಮೇಲೆ ಇದನ್ನೇ ಬರೆದುಬಿಟ್ಟೆ. ನಮ್ಮ ಮನೆಯಲ್ಲಿ ‘ನೀವು’ ಅಂದರೆ ಜಗಳ ಶುರುವಾಯಿತೆಂದೇ ಅರ್ಥ. ಇದು ಜಗಳದ ಪತ್ರವಲ್ಲ. ಹಾಗಾಗಿ ಹಳೆಯ ಅಭ್ಯಾಸದಂತೆ ‘ನೀನು’ ಎಂದೇ ಬರೆಯುತ್ತೇನೆ, ಬೇಸರಪಟ್ಟುಕೊಳ್ಳಬೇಡ.

ನಿನ್ನ ಮದುವೆಯ ವಿಷಯ ಕಿವಿಗೆ ಬಿತ್ತು. ಗಾಬರಿಯಾಗಬೇಡ, ಅಡ್ಡಗಾಲು ಹಾಕುವುದಕ್ಕೆ ಬರೆಯುತ್ತಿಲ್ಲ. ನಾವು ಕಾನೂನಿನ ಪ್ರಕಾರ ಬೇರೆಯಾಗಿಯೇ ಎರಡು ವರ್ಷ ಆಯಿತು, ಯಾರ ಕೈ ಹಿಡಿಯಬೇಕೆಂದು ನಿನಗೆ ಹೇಳಲು ನಾನ್ಯಾರು? ಆದರೆ ಆ ಬೇಕರಿಯವಳ ಮನೆ ಸೇರುವ ಮೊದಲು ನೀನು ಅವಳಿಗೆ ಹೇಳಲೇಬೇಕಾದ ಒಂದು ಮಾತಿದೆ. ಅದನ್ನು ನೀನು ನನಗೆ ಹೇಳಲಿಲ್ಲ. ಅವಳಿಗೂ ಹೇಳದೆ ಉಳಿದರೆ ನಮಗಾದದ್ದೇ ನಿಮಗೂ ಆಗುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ, ಬಿಯರಿಗೆ ಅಂಕ ಕೊಡುವುದು ಬರೀ ನೆಪ.

ಹೌದು, ನಿನ್ನೆ ಆರನೆಯ ಬಾಟಲಿ ತೆಗೆದೆ.

ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೋ. ಎಲ್ಲಿ ಕಣ್ಣು ತಪ್ಪಿತೆಂದು ನನಗೇ ನೋಡಬೇಕಾಗಿದೆ. ನಾವು ಆ ಎರಡನೆಯ ಮಹಡಿಯ ಮನೆಗೆ ಬಂದ ದಿನ ಬಾಟಲಿ ಅಂಗಡಿಯವನು ಮರದ ಪೆಟ್ಟಿಗೆಯೊಂದನ್ನು ನಮ್ಮ ಮುಂದಿಟ್ಟ. ಬೆಲ್ಜಿಯಂನಿಂದ ಬಂದ ಕಪ್ಪು ಬಿಯರು, ಮಠದ ಸನ್ಯಾಸಿಗಳು ಮಾಡಿದ್ದು, ಬೇರೆ ಬಿಯರಿನ ಹಾಗೆ ಇಟ್ಟರೆ ಕೆಡುವ ಜಾತಿಯಲ್ಲ, ಬಾಟಲಿಯೊಳಗೇ ವರ್ಷ ವರ್ಷ ಮಾಗುತ್ತದೆ ಅಂತ ಹೇಳಿದ. ಆರನ್ನೂ ಒಟ್ಟಿಗೆ ತಗೊಂಡು ಹೋಗಿ ವರ್ಷಕ್ಕೊಂದು ತೆಗೀರಿ, ಆಮೇಲೆ ನನ್ನನ್ನ ನೆನೆಸ್ಕೋತೀರಿ ಅಂದ. ಸನ್ಯಾಸಿಗಳು ಕಷ್ಟಪಟ್ಟು ಮಾಡಿದ್ದನ್ನು ಸಂಸಾರಸ್ಥರು ಕುಡಿದು ಮುಗಿಸೋದಾ ಅಂತ ನೀನು ನಕ್ಕೆ. ಹೊಸ ಮನೆಗೆ ಒಂದು ಕುರ್ಚಿಯೂ ಇಲ್ಲದಾಗ ನಾವು ಹೊತ್ತುಕೊಂಡು ಬಂದದ್ದು ಆ ಪೆಟ್ಟಿಗೆಯನ್ನು.

ನಿಯಮ ಮಾಡಿದವನು ನೀನು. ಪ್ರತಿವರ್ಷ ಮನೆ ಹೊಕ್ಕ ದಿನವೇ ಒಂದು ಬಾಟಲಿ ತೆಗೆಯಬೇಕು. ಕುಡಿಯುವಾಗ ಮಾತಾಡಬಾರದು. ಹತ್ತಕ್ಕೆ ಎಷ್ಟು, ಏನೇನು ಸಿಕ್ಕಿತು ಅಂತ ಚೀಟಿಯಲ್ಲಿ ಬರೆದು ಲೋಟದ ಕೆಳಗಿಟ್ಟು, ಒಟ್ಟಿಗೇ ತಿರುಗಿಸಿದ ಮೇಲೆಯೇ ಬಾಯಿ ಬಿಡಬೇಕು. ನೀನು ಸಾಬೂನು ಕಾರ್ಖಾನೆಯ ವಾಸನೆ ಕೋಣೆಯವನು, ಒಂದೊಂದು ಪಾಕವನ್ನೂ ಮೂಸಿ ಪಾಸು ಫೇಲು ಮಾಡುವವನು. ನಾನು ಕನ್ನಡಕದಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಅಳೆಯುವವಳು. ನೀನು ನನ್ನನ್ನು ಗೂಬೆ ಅಂದೆ, ನಾನು ನಿನ್ನನ್ನು ಮೂಗುರಾಯ ಅಂದೆ. ಬಂದವರಿಗೆಲ್ಲ ನಿನ್ನ ಮೂಗಿನ ಪ್ರತಾಪ ಹೇಳುವುದೇ ನನಗೆ ಹಬ್ಬ. ನೆಂಟರು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಂದ ಕಿತ್ತಳೆಯನ್ನು ನೀನು ಬಾಗಿಲಲ್ಲೇ ಹಿಡಿದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ, ನಿನ್ನ ಕಿವಿ ತೂತಾಗಿರಬೇಕು.

ಈಗ ನಿನ್ನೆಯ ಕಥೆ. ಹಿಂದಿನ ದಿನವೇ ಬಾಟಲಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದೆ, ಗಸಿ ತಳದಲ್ಲೇ ಕೂರಲೆಂದು. ಫ್ರಿಜ್ಜಿನಲ್ಲಿಡಲಿಲ್ಲ. ಬಿರಡೆಗೆ ಬಿಗಿದ ತಂತಿ ಬಿಚ್ಚುವುದು ಯಾವಾಗಲೂ ನಿನ್ನ ಕೆಲಸ. ನನ್ನ ಒಂದು ಉಗುರು ಮುರಿಯಿತು. ಬಿರಡೆ ಡಬ್ಬೆಂದು ಹಾರಿ ಸೂರಿಗೆ ಬಡಿದು ನನ್ನ ತಲೆಯ ಮೇಲೇ ಬಿತ್ತು, ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಗಲ ಬಾಯಿಯ ಲೋಟಗಳನ್ನು ಎರಡೂ ತೊಳೆದಿಟ್ಟಿದ್ದೆ. ಎರಡು ಯಾಕೆಂದು ಕೇಳಬೇಡ.

ಲೋಟ ಓರೆ ಹಿಡಿದು ನಿಧಾನಕ್ಕೆ ಬಗ್ಗಿಸಿದೆ. ಕಪ್ಪೆಂದರೆ ಕಪ್ಪು, ಆದರೆ ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು. ನೊರೆ ಹಾಲು ಹೆಚ್ಚಾದ ಕಾಫಿಯ ಬಣ್ಣ, ಎರಡು ಬೆರಳು ದಪ್ಪ, ಬೇಗ ಇಳಿಯಲಿಲ್ಲ. ಲೋಟದ ಒಳಮೈಗೆ ಜಾಲರಿ ನೇಯ್ದ ಹಾಗೆ ಅಂಟಿಕೊಂಡಿತು. ನೋಟಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ. ಆಮೇಲೆ ನಿನ್ನ ಹಾಗೆ ಕಣ್ಣು ಮುಚ್ಚಿ ಮೂಗನ್ನು ಲೋಟದೊಳಗೆ ಇಳಿಸಿದೆ.

ಏನೂ ಬರಲಿಲ್ಲ.

ಇಲ್ಲಿಯವರೆಗೆ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಮೂರು ವಾರದ ಹಿಂದೆ ನನಗೆ ಜೋರು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಸೋಪು, ಸೊಪ್ಪು, ಸೀಮೆಎಣ್ಣೆ ಎಲ್ಲ ಒಂದೇ. ಊಟವೆಂದರೆ ಒದ್ದೆ ರಟ್ಟು ಅಗಿದ ಹಾಗೆ. ಡಾಕ್ಟರು, ಬರಬಹುದು, ಬರದೇನೂ ಇರಬಹುದು, ಕಾಯೋಣಮ್ಮ ಅಂದರು. ಇಷ್ಟು ಗಾಢವಾದದ್ದಾದರೂ ಮೂಗನ್ನು ತಟ್ಟಿ ಎಬ್ಬಿಸೀತೇನೋ ಎಂಬ ಆಸೆಗೆ ಬಾಟಲಿ ತೆಗೆದೆ. ನಿನ್ನ ಮದುವೆಯ ಸುದ್ದಿಯೂ ಕಾರಣವಿರಬಹುದು, ಇಲ್ಲವೆನ್ನುವುದಿಲ್ಲ.

ಒಂದು ಗುಟುಕು ಕುಡಿದೆ. ನಾಲಿಗೆಗೆ ಮೊದಲು ಸಿಹಿ, ಹಿಂದೆಯೇ ಚುರುಚುರು, ಕೊನೆಗೆ ಕಹಿ, ಗಂಟಲಲ್ಲಿ ಬಿಸಿ. ಅಷ್ಟೇ. ಗೋಡೆಯಾಚೆ ಯಾರೋ ಮಾತಾಡುತ್ತಿದ್ದಾರೆ, ದನಿ ಕೇಳುತ್ತದೆ, ಒಂದು ಪದವೂ ತಿಳಿಯುವುದಿಲ್ಲ, ಹಾಗೆ. ಆದರೂ ನಿಯಮ ನಿಯಮವೇ ಎಂದು ಚೀಟಿ ಎಳೆದುಕೊಂಡು ಬರೆದೆ. ಒಣದ್ರಾಕ್ಷಿ, ಲವಂಗ, ಸುಟ್ಟ ಸಕ್ಕರೆ, ಕೊನೆಯಲ್ಲಿ ಹಳೆಯ ಚರ್ಮದ ಚೀಲ. ಒಂಬತ್ತು. ಕೈ ಎಲ್ಲೂ ತಡೆಯಲಿಲ್ಲ. ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇಲ್ಲ, ಯಾರನ್ನೂ ಮೆಚ್ಚಿಸಬೇಕಾಗಿಲ್ಲ, ಆದರೂ ಸಿಗದ ವಾಸನೆಯನ್ನು ಸಿಕ್ಕಿತೆಂದು ಬರೆದೆ. ಬರೆದದ್ದನ್ನು ಮತ್ತೊಮ್ಮೆ ಓದಿದೆ. ಅದು ಅಕ್ಷರ ಅಕ್ಷರವೂ ಐದನೆಯ ಬಾಟಲಿಯ ದಿನದ ನಿನ್ನ ಚೀಟಿ.

ಆ ದಿನವನ್ನು ನೀನು ಮರೆತಿರಲಾರೆ. ಐದನೆಯ ಬಾಟಲಿಯ ಬಿರಡೆಯೇ ಕೆಟ್ಟಿತ್ತು. ಮುಚ್ಚಿದ ನೆಲಮಾಳಿಗೆಯಲ್ಲಿ ನೆನೆದು ಬಿದ್ದ ಹಳೇ ಪೇಪರಿನ ವಾಸನೆ. ನನ್ನಂಥ ಮೊದ್ದು ಮೂಗಿಗೂ ಹೊಡೆಯಿತು. ಎರಡು ಅಂಕ ಬರೆದು, ನಿನ್ನ ಮುಖ ಹೇಗೆ ಕಿವುಚಿಕೊಂಡಿದೆಯೋ ಎಂದು ನೋಡಿದರೆ ನೀನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ಚೀಟಿ ತಿರುಗಿಸಿದಾಗ ಒಂಬತ್ತು. ನಾಲ್ಕನೆಯ ಬಾಟಲಿಗೆ ಹೇಳಿದ ಅದೇ ನಾಲ್ಕು ಮಾತು, ಅದೇ ಸಾಲಿನಲ್ಲಿ, ಪಾಠ ಒಪ್ಪಿಸಿದ ಹಾಗೆ. ನನ್ನನ್ನು ಗೇಲಿ ಮಾಡುತ್ತಿದ್ದೀಯೆಂದು ಮೈಯೆಲ್ಲ ಉರಿಯಿತು. ಒಂದು ಬಿಯರಿನ ವಿಷಯದಲ್ಲೂ ನಿಜ ಹೇಳೋಕಾಗದವರು ನೀವು ಅಂದೆ. ‘ನೀವು’ ಬಂತು. ಮರುದಿನ ಬೆಳಗ್ಗೆ ನೀನು, ನಿನಗೆ ಒಂದು ವಿಷಯ ಹೇಳಬೇಕಿತ್ತು ಅಂತ ಶುರುಮಾಡಿದೆ. ಹೊಸ ಸುಳ್ಳೇನೂ ಬೇಡ, ಇರೋದೇ ಸಾಕು ಅಂತ ನಾನು ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟೆ. ಬಾಗಿಲು ಎಳೆದುಕೊಂಡ ಸದ್ದು ನಿನ್ನೆಯಿಂದ ಕಿವಿಯಲ್ಲೇ ಇದೆ.

ನಿನ್ನೆ ಆ ಲೋಟದ ಮುಂದೆ ಕೂತು ಒಂದೊಂದನ್ನೇ ನೆನೆಸಿಕೊಂಡೆ. ಐದನೆಯ ಬಾಟಲಿಗೂ ಹಿಂದಿನ ಚಳಿಗಾಲದಲ್ಲಿ ನೀನು ಹದಿನೈದು ದಿನ ನೆಗಡಿ ಜ್ವರವೆಂದು ಮಲಗಿದ್ದೆಯಲ್ಲ, ಎದ್ದ ಮೇಲೆಯೇ ಎಲ್ಲ ಶುರುವಾದದ್ದು. ವಾಸನೆ ಕೋಣೆ ಬಿಟ್ಟು ಗೋದಾಮಿಗೆ ಹಾಕಿ ಅಂತ ಕಾರ್ಖಾನೆಯವರನ್ನು ನೀನೇ ಕೇಳಿಕೊಂಡೆ. ಯಾಕೆ ಅಂತ ಕೇಳಿದ್ದಕ್ಕೆ ಬೇಜಾರು ಅಂದೆ. ಅಲ್ಲಿ ಪ್ಯಾಕಿಂಗಿನ ಮೇಲ್ವಿಚಾರಕಿ ಇದ್ದಳು, ಚೆಂದವಾಗಿದ್ದಳು, ನನ್ನ ಲೆಕ್ಕ ಆ ಕಡೆ ಓಡಿತು. ದಿನಕ್ಕೆ ಎರಡು ಸಲ ಸ್ನಾನ, ಎರಡು ಅಂಗಿ. ಲೆಕ್ಕ ಪಕ್ಕಾ ಆಯಿತು. ಈ ಮೂರು ವಾರದಿಂದ ನಾನೂ ಎರಡು ಸಲ ಸ್ನಾನ ಮಾಡುತ್ತಿದ್ದೇನೆ, ಮೂಗುರಾಯ. ಮೈ ನಾರುತ್ತಿದೆಯೋ ಇಲ್ಲವೋ ನಮಗೆ ತಿಳಿಯದಿದ್ದರೆ ಬೇರೆ ದಾರಿ ಏನಿದೆ?

ಮಲಗುವ ಮುಂಚೆ ನೀನು ಎದ್ದು ಹೋಗಿ ಗ್ಯಾಸಿನ ತಿರುಗಣೆ ಮುಟ್ಟಿ ನೋಡುತ್ತಿದ್ದೆ. ಬಂದು ಮಲಗಿ, ಮತ್ತೆ ಎದ್ದು ಹೋಗಿ ನೋಡುತ್ತಿದ್ದೆ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಂತ ನಾನು ರೇಗಿದೆ. ಈಗ ಅಂಗಡಿಗೆ ಹೊರಟು ಮೆಟ್ಟಿಲಿಳಿದವಳು ವಾಪಸು ಹತ್ತಿ ಬಂದು ನಾನೇ ಅದನ್ನು ಮುಟ್ಟಿ ನೋಡುತ್ತೇನೆ. ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಒಂದು ವಸ್ತು ಮನೆಯಲ್ಲಿ ತುಂಬಿಕೊಂಡರೆ ಅನ್ನುವ ಭಯ ಎಂಥದೆಂದು ನಿನಗೆ ವಿವರಿಸಬೇಕಾಗಿಲ್ಲ.

ಮತ್ತೆ ಆ ಹಾಲು. ನಾನು ಸ್ನಾನಕ್ಕೆ ಹೋಗಿದ್ದೆ, ಒಲೆಯ ಮೇಲೆ ಹಾಲಿತ್ತು. ನೀನು ಅಡುಗೆಮನೆಗೆ ಬೆನ್ನು ಹಾಕಿ, ನಾಲ್ಕೇ ಹೆಜ್ಜೆ ದೂರದಲ್ಲಿ, ಪೇಪರು ಓದುತ್ತಾ ಕೂತಿದ್ದೆ. ನಾನು ತಲೆಗೆ ಟವೆಲು ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಪಾತ್ರೆ ಕರಕಲಾಗಿ, ಮನೆ ಪೂರ್ತಿ ಆ ಘಾಟು. ನೀನು ಪುಟ ತಿರುಗಿಸಿದೆ. ಕೇಳಿದರೆ, ಪಕ್ಕದ ಮನೆಯದು ಅಂದ್ಕೊಂಡೆ ಅಂದೆ. ಅದೊಂದು ಮಾತು ಸಾಕಾಯಿತು. ಈ ಮನುಷ್ಯನಿಗೆ ನಾನು ಸುಟ್ಟು ಹೋದರೂ ಪಕ್ಕದ ಮನೆಯದೇ ಅನ್ನಿಸುತ್ತದೆ ಎಂದುಕೊಂಡು ಪೆಟ್ಟಿಗೆ ಕಟ್ಟಿದೆ. ಎಂಟು ವರ್ಷ ಕಣ್ಣು ಅಳೆದ ಕೈ ಇದು. ಎದುರಿಗೆ ಕೂತವನಿಗೆ ಒಂದು ಇಂದ್ರಿಯವೇ ಇಲ್ಲವೆಂದು ನನಗೆ ಕಾಣಲಿಲ್ಲ. ಮನಸ್ಸೇ ಇಲ್ಲವೆಂದು ತೀರ್ಪು ಕೊಟ್ಟೆ.

ನನ್ನ ಅಂಗಡಿಯಲ್ಲಿ ನಡೆಯುವುದನ್ನು ನಿನಗೆ ಹೇಳಿದ್ದೆನಲ್ಲ. ಬಸ್ಸಿನ ಡ್ರೈವರು ಒಬ್ಬರು ಬರುತ್ತಿದ್ದರು. ತಮ್ಮ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತು, ಮುಂದಿನವರು ಓದುವ ಅಕ್ಷರಗಳನ್ನೆಲ್ಲ ಕೇಳಿ ಬಾಯಿಪಾಠ ಮಾಡಿಕೊಂಡು, ಆಮೇಲೆ ಕುರ್ಚಿಯಲ್ಲಿ ಕೂತು ಗಡಗಡ ಹೇಳಿಬಿಡುತ್ತಿದ್ದರು. ಕೆಲಸ ಹೋದೀತೆಂಬ ಭಯ ಪಾಪ. ಒಂದು ದಿನ ನಾನು ಎದ್ದು ಹೋಗಿ ಅಕ್ಷರದ ಹಲಗೆಯನ್ನು ತಿರುಗಿಸಿ, ಹಿಂದಿನ ಬೇರೆ ಅಕ್ಷರಗಳನ್ನು ಮುಂದೆ ಮಾಡಿದೆ. ಅವರು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದರು. ನಾನು ಬೈಯಲಿಲ್ಲ, ಪಕ್ಕದಲ್ಲಿ ಕೂತು, ಎಷ್ಟು ದಿನದಿಂದ ಹೀಗೆ ಅಣ್ಣಾ ಅಂತ ಕೇಳಿದೆ. ಅವರು ಅತ್ತುಬಿಟ್ಟರು. ಮನೆಗೆ ಬಂದು ನಿನಗೆ ಈ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಆ ಹೊತ್ತಿಗಾಗಲೇ ನೀನು ಗೋದಾಮಿನಲ್ಲಿದ್ದೆ. ಕೇಳಿ, ಒಳ್ಳೇದು ಮಾಡಿದೆ ಅಂದೆ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಯಾರೋ ಅಪರಿಚಿತ ಡ್ರೈವರನ್ನು ಕೇಳಿದ ಆ ಮಾತನ್ನು ನಾನು ನಿನ್ನನ್ನು ಒಂದು ಸಲವೂ ಕೇಳಲಿಲ್ಲ.

ಪಾತ್ರೆ ಪಡಗ ಹಂಚಿಕೊಂಡ ದಿನ ಉಳಿದಿದ್ದ ಈ ಒಂದು ಬಾಟಲಿಯನ್ನು ನೀನು ನನ್ನ ಪೆಟ್ಟಿಗೆಗೆ ಇಟ್ಟೆ. ಇದರ ರುಚಿ ಗೊತ್ತಾಗೋದು ನಿನಗೇನೇ, ನೀನೇ ಇಟ್ಕೋ ಅಂದೆ. ನಾನು ಅದನ್ನು ಕೊಂಕು ಮಾತೆಂದುಕೊಂಡು ಹಲ್ಲು ಕಚ್ಚಿದೆ. ಈಗ ನೋಡಿದರೆ ನೀನು ನನಗೆ ನಿಜವನ್ನೇ ಹೇಳಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬಹುಶಃ ಅದೊಂದೇ ಸಲ, ನಾನು ಅದನ್ನೂ ನಂಬಲಿಲ್ಲ.

ನನ್ನ ಊಹೆ ತಪ್ಪಿರಬಹುದು, ನಿನ್ನ ಮೂಗು ಎಂದೋ ಸರಿಹೋಗಿರಬಹುದು ಎಂದೂ ಯೋಚಿಸಿದೆ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹೋದ ತಿಂಗಳು ನಿನ್ನ ಅಕ್ಕ ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದಿದ್ದರು. ಅತ್ತಿಗೆ ಅನ್ನುವುದು ಬಾಯಿಂದ ಬಂದೇಬಿಟ್ಟಿತು, ಅವರೂ ತಿದ್ದಲಿಲ್ಲ. ಮದುವೆಯ ವಿಷಯ ಹೇಳಿದ್ದು ಅವರೇ, ಪಾಪ, ಬಹಳ ಸಂಕೋಚದಿಂದ. ನನ್ನನ್ನು ನಗಿಸಲೆಂದು ಒಂದು ತಮಾಷೆಯನ್ನೂ ಹೇಳಿದರು. ನೀನು ದಿನಾ ಬೆಳಗ್ಗೆ ಬೇಕರಿಯ ಬಾಗಿಲಲ್ಲಿ ನಿಂತು, ಅಬ್ಬಾ ಏನು ಘಮಘಮ ಅಂತೀಯಂತೆ. ಒಂದು ದಿನ ಒಲೆ ಕೆಟ್ಟು, ಬ್ರೆಡ್ಡೇ ಬೆಂದಿರಲಿಲ್ಲ, ರಿಪೇರಿಯವನು ಒಲೆಯೊಳಗೆ ತಲೆ ಹಾಕಿ ಕೂತಿದ್ದನಂತೆ. ನೀನು ಅವತ್ತೂ ಬಾಗಿಲಲ್ಲಿ ನಿಂತು, ಅಬ್ಬಾ ಏನು ಘಮಘಮ ಅಂದೆಯಂತೆ. ಎಲ್ಲರೂ ನಕ್ಕರಂತೆ. ಅವಳೂ ನಕ್ಕು, ಬೆಣ್ಣೆ ಹಚ್ಚೋದರಲ್ಲಿ ನಮ್ಮನ್ನೇ ಮೀರಿಸ್ತೀರಿ ಅಂದಳಂತೆ. ಅತ್ತಿಗೆಯ ಜೊತೆ ಸೇರಿ ನಾನೂ ನಕ್ಕೆ. ಸುಳ್ಳು ಇನ್ನೂ ಬಿಟ್ಟಿಲ್ಲ ಮಹಾಶಯ ಎಂದು ಒಳಗೊಳಗೇ ಖುಷಿಪಟ್ಟೆ. ನಿನ್ನೆ ಅದೇ ತಮಾಷೆ ನೆನಪಾಗಿ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಇವತ್ತು ಅವಳು ನಗುತ್ತಾಳೆ. ನಾಳೆ ಎಲ್ಲರಿಗಿಂತ ಮೊದಲು ಎದ್ದು ಹೊಸದೊಂದು ಬನ್ನು ಮಾಡಿ, ತಟ್ಟೆಯಲ್ಲಿಟ್ಟು, ನಿನ್ನ ಮುಖ ನೋಡುತ್ತಾಳೆ. ನೀನು ಹಿಂದಿನ ವಾರದ ಮಾತನ್ನೇ ಒಪ್ಪಿಸುತ್ತೀಯ. ಎಂದೋ ಒಂದು ದಿನ ಕೆಳಗೆ ಬೇಕರಿಯಲ್ಲಿ ಒಂದು ತಟ್ಟೆ ಬ್ರೆಡ್ಡು ಸೀದು ಹೋಗುತ್ತದೆ, ನೀನು ಮೇಲೆ ಮನೆಯಲ್ಲಿ ಪೇಪರು ಓದುತ್ತಾ ಕೂತಿರುತ್ತೀಯ. ಮುಂದಿನದನ್ನು ನಾನು ಬರೆಯಬೇಕೇ? ಬೀದಿಗೆ ಬೀದಿಯೇ ವಾಸನೆ ಹಿಡಿದು ಬರುವ ಮನೆಗೆ ನೀನು ಅಳಿಯನಾಗಿ ಹೋಗುತ್ತಿದ್ದೀಯ. ಎಷ್ಟು ಬೆಳಗು ಅಂತ ನಟಿಸುತ್ತೀಯ ಮಾರಾಯ?

ನೀನು ಆಗಲೇ ಹೇಳಿದ್ದರೆ ನಾನು ನಿನ್ನ ಪಾಲಿನ ಮೂಗಾಗಿರುತ್ತಿದ್ದೆ ಎಂದು ಬರೆಯಬೇಕೆಂದು ಆಸೆ. ಆದರೆ ಆಗಿನ ನನ್ನನ್ನು ನಾನು ಬಲ್ಲೆ. ಮೂಗುರಾಯನ ಹೆಂಡತಿ ಎಂದು ಮೆರೆಯುತ್ತಿದ್ದವಳು. ನೀನು ಹೇಳಿದ್ದರೆ ಮೊದಲು ಬೆಚ್ಚುತ್ತಿದ್ದೆ, ಆಮೇಲೆ ಊರಿನ ಡಾಕ್ಟರುಗಳ ಮನೆ ಬಾಗಿಲಿಗೆಲ್ಲ ಎಳೆದುಕೊಂಡು ಹೋಗುತ್ತಿದ್ದೆ, ನಿನ್ನ ಪ್ರಾಣ ತಿನ್ನುತ್ತಿದ್ದೆ. ಆದರೂ ಬಿಟ್ಟು ಹೋಗುತ್ತಿರಲಿಲ್ಲ. ಅಷ್ಟು ಮಾತ್ರ ನಿಜ, ನಂಬು. ನನ್ನನ್ನು ಬೇಡವೆಂದವನನ್ನು ಬಿಟ್ಟು ಬಂದೆನೆಂಬ ಸಮಾಧಾನದಲ್ಲಿ ಎರಡು ವರ್ಷ ನಿದ್ದೆ ಮಾಡಿದ್ದೆ, ಈಗ ಅದೂ ಕೈಬಿಟ್ಟಿತು. ನನಗೆ ಹೊಟ್ಟೆ ಉರಿಯುವುದು ನಾವು ಬೇರೆಯಾದದ್ದಕ್ಕಲ್ಲ. ಒಂದು ಮಾತಿನಲ್ಲಿ ಸರಿಹೋಗುತ್ತಿದ್ದದ್ದಕ್ಕೆ ಬೇರೆಯಾದೆವಲ್ಲ, ಅದಕ್ಕೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಅವಳಿಗೆ ಹೇಳು. ಮದುವೆಗೆ ಮೊದಲು ಹೇಳು. ಅವಳು ನನ್ನ ಹಾಗೆ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳಲ್ಲವೆಂದು ಅತ್ತಿಗೆ ಹೇಳಿದರು. ಕೇಳಿಸಿಕೊಳ್ಳುತ್ತಾಳೆ.

ಬಿಯರಿನ ಅಂಕ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಆ ಸುಳ್ಳು ಚೀಟಿಯನ್ನು ಹರಿದು ಹಾಕಿದೆ. ಬಿರಡೆ ಮತ್ತೆ ಒಳಗೆ ಹೋಗಲೊಲ್ಲದು, ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಉಳಿದರ್ಧವನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ. ಈ ಪತ್ರಕ್ಕೆ ಉತ್ತರ ಬರೆಯಬೇಡ. ಬರೆದರೆ ನಾನು ಕಾಯಲು ಶುರುಮಾಡುತ್ತೇನೆ.

ಆರೋಗ್ಯ ನೋಡಿಕೋ. ಗ್ಯಾಸು ಮುಟ್ಟಿ ನೋಡುವುದನ್ನು ಬಿಡಬೇಡ.

ಇಂತಿ,
ಕಣ್ಣಿದ್ದೂ ಕಾಣದ
ನಿನ್ನ ಹಳೆಯ ಗೂಬೆ

ಮರೆತ ಮಾತು, ಬುಧವಾರ ಬೆಳಗ್ಗೆ:

ಅಂಚೆಗೆ ಹಾಕುವ ಧೈರ್ಯ ಬಾರದೆ ಪತ್ರ ಮೇಜಿನ ಮೇಲೇ ಬಿದ್ದಿತ್ತು. ಈಗ ಮೇಜು ಒರೆಸುವಾಗ ಬಿರಡೆ ಕೈಗೆ ಸಿಕ್ಕಿತು. ಅಭ್ಯಾಸಕ್ಕೆ ಮೂಗಿಗೆ ಹಿಡಿದೆ. ದೂರದಿಂದ ಏನೋ ಬಂತು. ಮತ್ತೆ ಹಿಡಿದೆ. ಒಣದ್ರಾಕ್ಷಿ! ಫ್ರಿಜ್ಜಿಗೆ ಓಡಿ, ಬಾಟಲಿ ತೆಗೆದು, ಹಲ್ಲುಜ್ಜದ ಬಾಯಲ್ಲೇ ಒಂದು ಗುಟುಕು ಕುಡಿದೆ. ನೊರೆಯೆಲ್ಲ ಹೋಗಿದೆ, ಆದರೂ ಲವಂಗ ಇದೆ, ಸುಟ್ಟ ಸಕ್ಕರೆ ಇದೆ, ಕೊನೆಯಲ್ಲಿ ಆ ಹಳೆಯ ಚರ್ಮದ ಚೀಲವೂ ಇದೆ. ನೀನು ಬಾಯಿಪಾಠ ಮಾಡಿದ್ದು ತಪ್ಪಾಗಿರಲಿಲ್ಲ ಮೂಗುರಾಯ, ಬಾಟಲಿ ತಪ್ಪಿತ್ತು. ಒಂಬತ್ತು ಅಂಕ. ನನ್ನದು ಬಂತು, ನಿನ್ನದು ಬರಲಿಲ್ಲವಲ್ಲ ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ನಿನ್ನ ಚೀಟಿಯಲ್ಲಿ ಇಲ್ಲದ ಒಂದು ಹೊಸ ವಾಸನೆಯೂ ಇದರಲ್ಲಿ ಸೇರಿಕೊಂಡಿದೆ. ಏನೆಂದು ನಾನು ಬರೆಯುವುದಿಲ್ಲ. ಬಿರಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅದನ್ನು ಅವಳ ಕೈಗೆ ಕೊಡು. ಇದರಲ್ಲಿ ಏನೇನಿದೆ ಅಂತ ನನಗೆ ಗೊತ್ತಾಗೋದಿಲ್ಲ, ನೀನು ಹೇಳ್ತೀಯಾ ಅಂತ ಕೇಳು. ಐದನೆಯ ಬಾಟಲಿಯ ದಿನ ನೀನು ನನ್ನನ್ನು ಕೇಳಬೇಕಾಗಿದ್ದ ಮಾತು ಅದು.